ಚೌಕದ ಕೂಗು

ವರ್ಷದ ಆಳ್ವಿಕೆ ಮುಗಿದ ದಿನ ದಂಡನಾಯಕ ಗ್ವಿಡೊಟ್ಟೊ ಅಧಿಕಾರದ ದಂಡವನ್ನು ಚರ್ಚಿನ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದ. ಜನ ಅದನ್ನು ಮತ್ತೆ ಎತ್ತಿಕೊಡದಿದ್ದರೆ ಸಂಸಾರಸಮೇತ ಊರು ಬಿಡಬೇಕು. ಮಗುವನ್ನೆತ್ತಿಕೊಂಡು ನಿಂತಿದ್ದ ಹೆಂಡತಿ ಫಿಯೊರ್ದಲೀಸಾ ಜನರ ಮುಖಗಳನ್ನು ಒಂದೊಂದಾಗಿ ನೋಡಿದಳು. ಚೌಕದಲ್ಲಿ ಒಬ್ಬರೂ ಕದಲಲಿಲ್ಲ.

ಕೊನೆಗೆ ಕಟುಕರ ಮುಖ್ಯಸ್ಥ ಬೆಟ್ಟೊ ಏದುಸಿರು ಬಿಡುತ್ತಾ ಬಂದು ದಂಡವೆತ್ತಿದ.

"ವರ್ಷಾ ವರ್ಷಾ ಈ ಮೆಟ್ಲು ಹತ್ತೋಕೆ ನನ್ನ ಮಂಡಿ ಕೇಳಲ್ಲ ಕಣಯ್ಯಾ. ಸಾಯೋವರ್ಗೂ ನೀನೇ ಇಟ್ಕೋ. ಆಮೇಲೆ ಈ ಜೊಲ್ಲುಬುರುಕ ಆಳ್ಲಿ," ಎಂದು ಅದನ್ನು ಮಗುವಿನ ಮುಂದೆ ಹಿಡಿದ.

ಜನ ಬಿದ್ದು ಬಿದ್ದು ನಗುತ್ತಾ "ಆಳ್ಲಿ, ಆಳ್ಲಿ" ಎಂದು ಕೂಗಿದರು. ಆ ಊರಲ್ಲಿ ಚೌಕದ ಕೂಗೇ ಕಾನೂನು; ಅದರ ಮೇಲೆ ಚರ್ಚಿನ ಗಂಟೆ ಹೊಡೆದರೆ ಮತ್ತೆ ಬದಲಿಸುವಂತಿರಲಿಲ್ಲ. ನಗು ನಿಲ್ಲುವ ಮೊದಲೇ ಫಿಯೊರ್ದಲೀಸಾ ಮಗುವಿನ ಬೆರಳುಗಳನ್ನು ದಂಡದ ಸುತ್ತ ಬಿಗಿದು ಪಾದ್ರಿಯತ್ತ ತಿರುಗಿದಳು.

"ಕೇಳಿಸ್ಕೊಂಡ್ರಲ್ಲ ಸ್ವಾಮಿ, ಗಂಟೆ ಹೊಡೆಸಿ."