ಮೂರನೇ ಬೋರಿನ ಕೆಸರು

ಅಣುಸ್ಥಾವರದ ವಿಕಿರಣ ಕಸವನ್ನು ಊರ ಪಕ್ಕದ ಗುಡ್ಡದಲ್ಲಿ ಹೂಳುವುದಕ್ಕೆ ಜನರ ಒಪ್ಪಿಗೆ ಕೇಳುವ ಸಭೆ. ಕೇಳುವುದೆಂದರೆ ಬಾಗಿಲಲ್ಲೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು, ಗಂಟೆಗಟ್ಟಲೆ ಗೋಡೆಯ ಮೇಲೆ ಚಿತ್ರ ತೋರಿಸುವುದು.

"ಒಳಗೆ ಪೂರ್ತಿ ಒಣ ಬಂಡೆ," ಎಂದ ಅಧಿಕಾರಿ. "ಹನಿ ನೀರಿಲ್ಲ. ಕಸ ಸಾವಿರಾರು ವರ್ಷ ಅಲ್ಲಾಡದೆ ಬಿದ್ದಿರುತ್ತೆ."

ಕೊನೆಯ ಸಾಲಿನಲ್ಲಿದ್ದ ಡ್ರಿಲ್ಲರ್‌ಗೆ ಮೈಯೆಲ್ಲ ಉರಿದುಹೋಯಿತು. ಆ ಗುಡ್ಡದಲ್ಲಿ ಪರೀಕ್ಷೆಗೆಂದು ಮೂರು ಬೋರು ಕೊರೆದವನು ಅವನೇ. ಬೋರಿನ ಲಾರಿ ಅವನ ಭಾವನದು. ಹತ್ತಡಿಗೊಮ್ಮೆ ಮೇಲೆ ಬಂದ ಪುಡಿಯನ್ನು ಒಂದೊಂದು ಚೀಲಕ್ಕೆ ತುಂಬಿ ಕಟ್ಟುವುದು ಅವರ ಪದ್ಧತಿ. ಡ್ರಿಲ್ಲರ್ ಕೈ ಸದಾ ಗ್ರೀಸು. ಹಾಗಾಗಿ ಚೀಲದ ಮೇಲೆ ಬೋರು, ಅಡಿ ಬರೆಯುವುದು ಭಾವನ ಕೆಲಸ. ಮೂರನೇ ಬೋರಿನಲ್ಲಿ ಇನ್ನೂರ ಹತ್ತು ಅಡಿಗೆ ಪುಡಿಯ ಬದಲು ಕೆಸರು ಚಿಮ್ಮಿತ್ತು. ಗೋಡೆಯ ಮೇಲೆ ತೋರಿಸಿದ ವರದಿಯಲ್ಲಿ ಇದ್ದದ್ದು ಎರಡೇ ಬೋರು.

ಎದ್ದು ನಿಂತ. "ಮೂರನೇದು ಎಲ್ಲೋಯ್ತು ಸಾರ್?"

ಮುಂದಿನ ಸಾಲಿನಿಂದ ಭಾವ ತಿರುಗಿ ಹಲ್ಲು ಕಡಿದ. "ತೆಪ್ಪಗೆ ಕೂತ್ಕೊಳ್ಳೋ. ಅನ್ನಕ್ಕೆ ಕಲ್ಲು ಹಾಕ್ಬೇಡ."

"ಎಷ್ಟು ಓದಿದ್ದೀಯಪ್ಪಾ?" ಅಧಿಕಾರಿ ನಕ್ಕ.

"ಏಳನೇ ಕ್ಲಾಸು. ಕಲ್ಲು ಯಾವ್ದು, ನೀರು ಯಾವ್ದು ಅಂತ ಗೊತ್ತಾಗೋಕೆ ಅಷ್ಟು ಸಾಕು."

ಸಭೆ ಗೊಳ್ಳೆಂದಿತು. ಅವನು ದಡದಡ ನಡೆದು, ಮೇಜಿನ ಮೇಲಿದ್ದ ಹಾಜರಿ ಪುಸ್ತಕದ ಮೇಲೇ ತಾನು ತಂದಿದ್ದ ಆ ಕೆಸರಿನ ಪ್ಲಾಸ್ಟಿಕ್ ಚೀಲ ಕುಕ್ಕಿದ. "ಕೈ ಹಾಕಿ ನೋಡಿ. ಮೂರು ತಿಂಗಳಾದ್ರೂ ಇನ್ನೂ ಒದ್ದೆ. ನಮ್ಮ ನಲ್ಲಿಗೆ ಬರೋದು ಇದೇ ಗುಡ್ಡದ ನೀರು."

ಅಧಿಕಾರಿ ಮುಟ್ಟಲಿಲ್ಲ. "ಎಲ್ಲಿಯ ಕೆಸರೋ, ಯಾರಿಗ್ಗೊತ್ತು?"

"ಚೀಲದ ಮೇಲೆ ಬರೆದೋರು ಇಲ್ಲೇ ಕೂತಿದ್ದಾರೆ."

ಭಾವ ನೆಲ ನೋಡಿದ. ಪಕ್ಕದಲ್ಲಿದ್ದ ಅಕ್ಕ ಮೊಣಕೈಯಿಂದ ತಿವಿದಳು. "ಹೇಳ್ರೀ! ನಾಳೆ ಆ ನೀರು ಕುಡಿಯೋದು ನಮ್ಮ ಮಕ್ಕಳೇ ತಾನೇ?"

"ಅಕ್ಷರ... ನಂದೇ," ಎಂದ ಭಾವ. ಆಮೇಲೆ ಮೈದುನನನ್ನು ನುಂಗುವಂತೆ ನೋಡಿದ. "ನಾಳೆಯಿಂದ ನೀನು ನನ್ನ ಲಾರಿ ಹತ್ತಬೇಡ."

"ಹತ್ತಲ್ಲ ಭಾವ."

ಅಧಿಕಾರಿ ಕಾಗದ ಜೋಡಿಸಿಕೊಂಡ. "ಸಭೆ ಮುಗೀತು. ಎಲ್ಲರ ಸಹಿ ಇದೆಯಲ್ಲ, ಸಾಕು."

"ಬಂದಿದ್ದಕ್ಕೆ ಹಾಕಿದ್ದು, ಒಪ್ಪಿದ್ದಕ್ಕಲ್ಲ!" ಅಕ್ಕ ಕೂಗಿದಳು.

ಡ್ರಿಲ್ಲರ್ ಕುರ್ಚಿ ಎಳೆದು ಅಧಿಕಾರಿಯ ಎದುರಿಗೇ ಕೂತ. "ಬರ್ಕೊಳ್ಳಿ. ಮೂರನೇ ಬೋರು, ಇನ್ನೂರ ಹತ್ತು ಅಡಿ, ನೀರು. ಬರೆಯೋ ತನಕ ನಾನೂ ಏಳಲ್ಲ, ಈ ಚೀಲಾನೂ ಏಳಲ್ಲ."

ಹಿಂದೆ ಕೂತಿದ್ದ ಊರವರಲ್ಲಿ ಒಬ್ಬರೂ ಮನೆಗೆ ಹೊರಡಲು ಕುರ್ಚಿ ಸರಿಸಲಿಲ್ಲ.