ಒಲೆಯ ಮೇಲೆ ತೂಗಿದ ಗಿಡ

ಅಮ್ಮನ ಸ್ಪೈಡರ್ ಗಿಡ ಸತ್ತದ್ದು ದೊಡ್ಡಮ್ಮನ ಮಗನ ಮದುವೆಗಾಗಿ. ಅವನ ಹೊಸ ಫ್ಲ್ಯಾಟಿಗೆ ಬಣ್ಣ ಹೊಡೆಸಿ, ಬೀರು ಕೂರಿಸಿ ಆಗಿತ್ತು. ಒಳಗೆ ಕಾಲಿಟ್ಟರೆ ಕಣ್ಣು ಉರಿಯುವಷ್ಟು ವಾಸನೆ. ಚೀನಾದ ನಮ್ಮ ಊರು ಬಾವೊಜಿಯಲ್ಲಿ ಇದಕ್ಕೆ ಎಲ್ಲರೂ ಮಾಡುವ ಔಷಧಿ ಒಂದೇ: ನೆಂಟರ ಮನೆಗಳಿಂದ ಹುಲ್ಲಿನಂಥ ಎಲೆಯ ಈ ಸ್ಪೈಡರ್ ಗಿಡಗಳನ್ನು ಒಟ್ಟುಮಾಡಿ ಕೋಣೆ ಕೋಣೆಯಲ್ಲಿ ಇಡುವುದು. ಗಿಡ ವಿಷವನ್ನೆಲ್ಲ ಕುಡಿದುಬಿಡುತ್ತದಂತೆ. ದೊಡ್ಡಮ್ಮ ಬಂದವಳು ನೇರವಾಗಿ ಅಮ್ಮನ ಗಿಡಕ್ಕೇ ಕೈಹಾಕಿದಳು.

"ಮಾರ್ಕೆಟ್ಟಲ್ಲಿ ರಾಶಿ ಹಾಕ್ಕೊಂಡು ಮಾರ್ತಾರಲ್ಲಕ್ಕಾ," ಅಂದಳು ಅಮ್ಮ.

"ಅವು ಹಸುಗೂಸು ಕಣೇ, ಏನು ಕುಡೀತಾವೆ? ನಿಂದಕ್ಕೆ ಹೊಟ್ಟೆ ದೊಡ್ಡದು."

ಅಕ್ಕನಿಗೆ ಇಲ್ಲವೆನ್ನುವುದು ಅಮ್ಮನಿಗೆ ಯಾವತ್ತೂ ಬಂದಿಲ್ಲ. ಗಿಡ ಹೋಯಿತು. ದೊಡ್ಡಮ್ಮ ಕುಂಡಗಳನ್ನು ನೆಲದ ಮೇಲೆ ಸಾಲಾಗಿಟ್ಟು, ನೆಲದಡಿಯ ಹೀಟರ್ ಜೋರು ಮಾಡಿ, ಕಿಟಕಿಗಳನ್ನೆಲ್ಲ ಮುಚ್ಚಿದಳು. ತೆರೆದಿಟ್ಟರೆ ವಾಸನೆ ಹೊರಗೆ ಹೋಗಿಬಿಡುತ್ತದೆ, ಆಮೇಲೆ ಗಿಡಕ್ಕೆ ಏನು ಕೆಲಸ ಎಂಬುದು ಅವಳ ವಾದ. ವಾಸನೆ ಹೊರಗೆ ಹೋಗಲೆಂದೇ ಅಲ್ಲವೇ ಇದೆಲ್ಲ ಎಂದು ನಾನು ಕೇಳಿದೆ. ದೊಡ್ಡಮ್ಮ ಕೊನೆಯ ಕಿಟಕಿಯ ಚಿಲಕ ಹಾಕಿದಳು.

ಮದುವೆಯ ಹಿಂದಿನ ದಿನ ಬಾಗಿಲು ತೆಗೆದಾಗ ಅಮ್ಮನ ಗಿಡ ಒಣಹುಲ್ಲಿನಂತೆ ಕುಂಡದ ಅಂಚಿಗೆ ಒರಗಿತ್ತು. ಅಮ್ಮ ಬೆರಳಿನಿಂದ ಮಣ್ಣು ಕೆದಕಿದಳು. ಬಿಳಿ ಮೂಲಂಗಿ ಮರಿಗಳಂತೆ ಗಟ್ಟಿಯಾಗಿರಬೇಕಿದ್ದ ಬೇರುಗಳು ಬೆಂದು ಮೆತ್ತಗಾಗಿದ್ದವು.

"ವಾಸನೆ ಎಲ್ಲಾ ತಾನೇ ಕುಡೀತು ನೋಡು. ಪುಣ್ಯದ ಗಿಡ," ಎಂದಳು ದೊಡ್ಡಮ್ಮ. ಮದುವೆ ಮುಗಿದ ಮೇಲೆ ಕೆಂಪು ರಿಬ್ಬನ್ ಕಟ್ಟಿದ ಹೊಸ ಗಿಡವೊಂದನ್ನು ತಂದುಕೊಟ್ಟಳು. ಅಮ್ಮ ಅದನ್ನು ಬಚ್ಚಲಲ್ಲಿಟ್ಟಳು.

"ನಂಗೆ ಅದೇ ಬೇಕು," ಅಂದಳು ಆ ರಾತ್ರಿ ಊಟಕ್ಕೆ ಕೂತಾಗ.

"ಅದು ಸತ್ತಿದೆಯಮ್ಮ."

"ಅದರ ಮರಿ ಎಲ್ಲಾದ್ರೂ ಇದ್ದೇ ಇರತ್ತೆ. ಎಷ್ಟು ಮನೆಗೆ ಕೊಟ್ಟಿದೀನಿ."

ಅದು ನಿಜ. ಅಪ್ಪ ಅಮ್ಮ ದುಡಿಯುತ್ತಿದ್ದ ಹತ್ತಿ ಗಿರಣಿಯ ಕ್ವಾರ್ಟರ್ಸಿನಲ್ಲಿ, ನಾನು ಚಿಕ್ಕವಳಿದ್ದಾಗ ನಾವಿದ್ದ ಮಹಡಿಯಲ್ಲಿ ಉದ್ದನೆಯ ಒಂದು ಪಡಸಾಲೆ, ಎರಡೂ ಕಡೆ ಒಂದೊಂದು ಕೋಣೆಯ ಮನೆಗಳು. ಅಡುಗೆಮನೆ ಎಂಬುದು ಯಾರಿಗೂ ಇರಲಿಲ್ಲ. ಪ್ರತಿ ಬಾಗಿಲ ಪಕ್ಕ ಒಂದು ಕಲ್ಲಿದ್ದಲ ಒಲೆ, ಒಂದು ಮುರುಕು ಮೇಜು. ಸಂಜೆಯ ಪಾಳಿಯ ಸೈರನ್ ಆದ ಮೇಲೆ ಕೂದಲಲ್ಲಿ ಹತ್ತಿಯ ನವಿರು ಮೆತ್ತಿಕೊಂಡ ಹೆಂಗಸರು ಒಟ್ಟಿಗೆ ಬಂದು ಒಟ್ಟಿಗೆ ಒಲೆ ಕೆದಕುತ್ತಿದ್ದರು. ಹುಳಿ ನೂಡಲ್ಸಿನ ವಿನೆಗರ್, ಕಾದ ಎಣ್ಣೆಗೆ ಬಿದ್ದ ಮೆಣಸಿನ ಘಾಟು, ಯಾರದೋ ರೇಡಿಯೊ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು. ಹಿಡಿಸದಿದ್ದರೆ ನಾವು ಮಕ್ಕಳು ತಟ್ಟೆ ಹಿಡಿದು ಪಕ್ಕದ ಒಲೆಗೆ ಹೋಗುತ್ತಿದ್ದೆವು. ಬಡತನವೇ ಇತ್ತು, ಹೊಗೆಗೆ ಕೆಮ್ಮೂ ಇತ್ತು. ಆದರೂ ಈಗಿನ ಹದಿನೇಳನೇ ಮಹಡಿಯ ಶುಭ್ರ ಅಡುಗೆಮನೆಯಲ್ಲಿ ಒಬ್ಬಳೇ ಈರುಳ್ಳಿ ಹೆಚ್ಚುವಾಗ ನನಗೆ ನೆನಪಾಗುವುದು ಆ ಹೊಗೆಯೇ.

ಅಮ್ಮನ ಗಿಡ ನಮ್ಮ ಬಾಗಿಲ ಮೇಲಿನ ಮೊಳೆಗೆ ತೂಗುಹಾಕಿದ್ದ ಎನಾಮೆಲ್ ಮಗ್ಗಿನಲ್ಲಿ ಬೆಳೆದಿತ್ತು. ಗಿರಣಿಗೆ ಸೇರಿದ ವರ್ಷ ನೂಲು ಪರೀಕ್ಷೆಯ ಕೋಣೆಯ ಕಿಟಕಿಯಿಂದ ಒಂದು ಮರಿ ತಂದಿದ್ದಳಂತೆ. ಅಕ್ಕಿ ತೊಳೆದ ನೀರನ್ನು ಒಂದು ದಿನ ಹಾಗೇ ಬಿಟ್ಟು ಅದಕ್ಕೆ ಹಾಕುತ್ತಿದ್ದಳು. ಚಹಾದ ಚರಟ ಹಾಕಿದವರಿಗೆ ಬೈಯುತ್ತಿದ್ದಳು, ಮಣ್ಣಿನಲ್ಲಿ ಹುಳ ಬೀಳುತ್ತದೆಂದು. ಗಿಡದಿಂದ ಉದ್ದುದ್ದ ದಂಟುಗಳು ಇಳಿದು, ತುದಿಯಲ್ಲಿ ಮರಿಗಳು ತೂಗುತ್ತಿದ್ದವು. ಹೆರಿಗೆಯಾಗಲಿ, ಮದುವೆಯಾಗಲಿ, ಆ ಮಹಡಿಯಲ್ಲಿ ಯಾರಿಗೇ ಏನಾದರೂ ಅಮ್ಮ ಒಂದು ಮರಿ ಕೊಡುತ್ತಿದ್ದಳು.

ಆಮೇಲೆ ಗಿರಣಿ ಮುಚ್ಚಿತು, ಕಟ್ಟಡ ಒಡೆದರು, ಜನ ಚೆದುರಿದರು.

ಫೋನಿನಲ್ಲಿ ಗಿರಣಿಯ ಹಳಬರ ವೀಚಾಟ್ ಗುಂಪಿನಲ್ಲಿ ಅಮ್ಮನ ಪರವಾಗಿ ನಾನು ಬರೆದು ಕೇಳಿದೆ. ಒಬ್ಬರ ಗಿಡ ಹಿಮಕ್ಕೆ ಸಿಕ್ಕಿ ಸತ್ತಿತ್ತು. ಇನ್ನೊಬ್ಬರದನ್ನು ಸೊಸೆ ಕಸಕ್ಕೆ ಹಾಕಿದ್ದಳು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಗೆಂಗ್ ಮೇಸ್ತ್ರಿ ಮಾತ್ರ ಅಮ್ಮನಿಗೆಂದು ಧ್ವನಿಸಂದೇಶ ಕಳಿಸಿದರು: "ಯೂಫೆನ್, ನಿನ್ನ ಗಿಡ ಸೂಮೆಯ್ ಮನೆ ಕಿಟಕೀಲಿದೆ. ಎಲೆ ತಿರುಚಿಕೊಂಡಿರೋದು ಅದೊಂದೇ ತಾನೇ? ಹೋದ ತಿಂಗಳು ಚದುರಂಗ ಆಡೋಕೆ ಹೋದಾಗ ನೋಡಿದೆ."

ಅಮ್ಮ ಎರಡು ಸಲ ಕೇಳಿಸಿಕೊಂಡಳು. "ಸುಳ್ಳು. ಅವಳಿಗೆ ನಾನು ಕೊಟ್ಟೇ ಇಲ್ಲ," ಎಂದಳು.

ಸೂಮೆಯ್ ಚಿಕ್ಕಮ್ಮ ನಮ್ಮ ಪಕ್ಕದ ಒಲೆಯವಳು. ನಾನು ಎರಡನೇ ತರಗತಿಯಲ್ಲಿದ್ದಾಗ ಗಿರಣಿಯ ಮೊದಲ ಕಡಿತದಲ್ಲಿ ಅವಳ ಗಂಡ ಡಾಂಗ್ ಚಿಕ್ಕಪ್ಪನ ಕೆಲಸ ಹೋಯಿತು. ನನ್ನ ಅಪ್ಪನದು ಉಳಿಯಿತು. ಅದೇ ವಾರ ಒಂದು ಸಂಜೆ ಅಮ್ಮ ಗಿಡಕ್ಕೆ ನೀರು ಹಾಕಿದಳು. ಪಕ್ಕದ ಒಲೆಯವರೆಗೆ ಹಬ್ಬಿದ್ದ ದಂಟಿನಿಂದ ಹನಿ ಜಾರಿ ಸೂಮೆಯ್‌ಳ ಕಾದ ಎಣ್ಣೆಗೆ ಬಿತ್ತು. ಎಣ್ಣೆ ಅವಳ ಮುಂಗೈಗೆ ಸಿಡಿಯಿತು. ಅವಳು ಒಳಗೆ ಹೋಗಿ ಕತ್ತರಿ ತಂದು ಮೂರು ಮರಿ ತೂಗುತ್ತಿದ್ದ ಆ ದಂಟನ್ನು ಕಚಕ್ಕನೆ ಕತ್ತರಿಸಿದಳು.

"ಗಿಡಕ್ಕೆ ಯಾಕೆ ಕತ್ತರಿ ಹಾಕ್ತೀಯ? ಮನೇಲಿ ಬಿದ್ದುಕೊಂಡಿರೋ ಗಂಡನ್ನ ಎಬ್ಬಿಸು ಹೋಗು!" ಎಂದಳು ಅಮ್ಮ.

ಇಡೀ ಪಡಸಾಲೆ ಕೇಳಿಸಿಕೊಂಡಿತು. ಡಾಂಗ್ ಚಿಕ್ಕಪ್ಪನೂ. ಸೂಮೆಯ್ ಒಲೆ ಮುಚ್ಚಿದಳು. ಅಲ್ಲಿಂದ ಕಟ್ಟಡ ಒಡೆಯುವವರೆಗೆ ಇಬ್ಬರೂ ಒಂದೇ ಮೊಳದ ಅಂತರದಲ್ಲಿ ಅಡುಗೆ ಮಾಡಿದರು, ಮಾತಾಡಲಿಲ್ಲ.

"ಹೋಗಿ ಕೇಳೋಣ," ಅಂದೆ ನಾನು.

"ಅವಳ ಹತ್ರ ನಾನು ಕೈಚಾಚೋದಾ?"

"ಹಾಗಾದ್ರೆ ಬಚ್ಚಲಲ್ಲಿರೋದನ್ನ ತಂದು ಹಾಲಲ್ಲಿ ಇಡ್ತೀನಿ."

ಅಮ್ಮ ಒಂದು ವಾರ ಗೊಣಗಿದಳು. ಗಿಡ ಬೇಕೆಂದಳು, ಬೇಡವೆಂದಳು, ಕಿಟಕಿಯ ಖಾಲಿ ಜಾಗವನ್ನು ದಿನಾ ಒರೆಸಿದಳು. ಕೊನೆಗೆ ವಸಂತ ಹಬ್ಬಕ್ಕೆ, ಅಂದರೆ ಚಳಿಗಾಲದಲ್ಲೇ ಬರುವ ನಮ್ಮ ಹೊಸ ವರ್ಷಕ್ಕೆ, ಮೊದಲು ಒಂದು ಭಾನುವಾರ ಖಾಲಿ ಕುಂಡವನ್ನು ಚೀಲದ ತಳದಲ್ಲಿಟ್ಟು, ಅದರ ಮೇಲೆ ಸೇಬು ತುಂಬಿ, ಉಡುಗೊರೆಗೆಂದು ಹಾಲಿನ ಪೊಟ್ಟಣಗಳ ಪೆಟ್ಟಿಗೆಯೊಂದನ್ನು ನನ್ನ ಕೈಗೆ ಕೊಟ್ಟು ಹೊರಟಳು. ಬಸ್ಸಿನಲ್ಲಿ ಉದ್ದಕ್ಕೂ ಒಂದೇ ಮಾತು: "ಇಲ್ಲ ಅಂದ್ರೆ ತಕ್ಷಣ ಎದ್ದು ಬರೋಣ. ಹಾಲಿನ ಪೆಟ್ಟಿಗೆ ಬಿಟ್ಟು ಬರಬೇಡ."

ಬಾಗಿಲು ತೆಗೆದದ್ದು ಡಾಂಗ್ ಚಿಕ್ಕಪ್ಪ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಬಾ ಬಾ ಯೂಫೆನ್," ಎಂದರು. "ನಾನಿನ್ನೂ ಮನೇಲೇ ಬಿದ್ದಿದೀನಿ. ಈಗ ಪಿಂಚಣಿ ತಗೊಂಡು ಬಿದ್ದಿದೀನಿ."

ಅಮ್ಮನ ಕಿವಿ ಕೆಂಪಾಯಿತು. ನನಗೆ ನಗು ತಡೆಯಲಾಗಲಿಲ್ಲ.

ಗಿಡ ಕಿಟಕಿಯಲ್ಲಿತ್ತು. ತಿರುಚಿದ ಎಲೆ, ನಡುವೆ ಬಿಳಿ ಪಟ್ಟೆ, ನೆಲಕ್ಕೆ ಮುಟ್ಟುವ ದಂಟುಗಳು. ಅಮ್ಮ ಕೂರಲಿಲ್ಲ, ನೇರ ಅಲ್ಲಿಗೇ ಹೋಗಿ ಒಂದು ಎಲೆಯನ್ನು ಬೆರಳುಗಳ ನಡುವೆ ಎಳೆದು ನೋಡಿದಳು. ಸೂಮೆಯ್ ಚಿಕ್ಕಮ್ಮ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಮುಂಗೈಯಲ್ಲಿ ಹಳೆಯ ಸುಟ್ಟ ಗುರುತು ಕಾಣುತ್ತಿತ್ತು.

"ಅವತ್ತು ಕತ್ತರಿಸಿದ್ದನ್ನ ಕಸಕ್ಕೆ ಹಾಕಿದೆ ಅಂದ್ಕೊಂಡಿದ್ದೆ," ಎಂದಳು ಅಮ್ಮ ತಿರುಗದೆ.

"ಹಾಕಿದ್ದೆ. ಮಾರನೇ ಬೆಳಗ್ಗೆ ಹೋಗಿ ಎತ್ಕೊಂಡು ಬಂದೆ. ನಿನ್ನ ಮೇಲಿನ ಕೋಪ ಮರಿ ಮೇಲೆ ಯಾಕೆ?"

"ತುದಿ ಎಲ್ಲಾ ಕಂದಾಗಿದೆ. ಹೀಟರ್ ಮೇಲೆ ಯಾಕಿಟ್ಟಿದೀಯ?"

"ಬಂದು ಐದು ನಿಮಿಷ ಆಗಿಲ್ಲ, ಆಗ್ಲೇ ಶುರು. ನಿಂದು ಹೇಗಿದೆ?"

ಅಮ್ಮ ಮತ್ತೆ ಎಲೆಯನ್ನು ಹಿಡಿದಳು. ಹೇಳಬೇಕಿದ್ದದ್ದು ನಾನೇ ಎಂದು ಬಾಯಿ ತೆರೆದೆ, ಅಮ್ಮ ಕೈಯೆತ್ತಿ ತಡೆದಳು.

"ಸತ್ತುಹೋಯ್ತು ಸೂಮೆಯ್. ಅಕ್ಕ ಬೇಯಿಸಿಬಿಟ್ಳು." ಎಲೆಯಿಂದ ಕೈ ತೆಗೆದು, "ಒಂದು ಮರಿ ಕೊಡ್ತೀಯಾ?" ಎಂದಳು. ಆಮೇಲೆ ಡಾಂಗ್ ಚಿಕ್ಕಪ್ಪನ ಕಡೆ ತಿರುಗದೆಯೇ ಸೇರಿಸಿದಳು: "ಅವತ್ತು ಆ ಮಾತು ನನ್ನ ಬಾಯಲ್ಲಿ ಬರಬಾರದಿತ್ತು."

ಡಾಂಗ್ ಚಿಕ್ಕಪ್ಪ ಹಾಲಿನ ಪೆಟ್ಟಿಗೆಯನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆ ಸರಿಸಿದರು. ಸೂಮೆಯ್ ಕೈ ತೊಳೆದು ಬಂದಳು.

"ಕೊಡಲ್ಲ," ಎಂದಳು.

ಅಮ್ಮ ಹೊರಡಲು ಚೀಲಕ್ಕೆ ಕೈ ಹಾಕಿದಳು.

"ಕೂತ್ಕೋ. ಈ ಚಳೀಲಿ ಕತ್ತರಿಸಿ ಕೊಟ್ರೆ ಬೇರು ಬಿಡತ್ತಾ? ಬಸ್ಸಲ್ಲೇ ಬಾಡತ್ತೆ. ನೀನೇ ಹೇಳ್ತಿದ್ದೆಯಲ್ಲ ಎಲ್ಲರಿಗೂ, ಅಷ್ಟೂ ಮರ್ತಿದೀಯಾ? ಕುಂಡ ತಂದಿದೀಯ ತಾನೇ? ಚೀಲದಲ್ಲಿ ಕಾಣ್ತಿದೆ, ಸೇಬು ಹಾಕಿ ಮುಚ್ಚಿದ್ರೆ ಗೊತ್ತಾಗಲ್ವಾ!"

ಕುಂಡಕ್ಕೆ ಮಣ್ಣು ತುಂಬಿ ತಾಯಿಗಿಡದ ಪಕ್ಕ ಇಟ್ಟರು. ಒಂದು ದಂಟಿನ ತುದಿಯ ಮರಿಯನ್ನು, ದಂಟು ಕತ್ತರಿಸದೆಯೇ, ಅಮ್ಮನ ಕುಂಡದ ಮಣ್ಣಿಗೆ ಒತ್ತಿ, ಸೂಮೆಯ್ ತನ್ನ ಕೂದಲ ಪಿನ್ನು ಬಗ್ಗಿಸಿ ಅದನ್ನು ಹಿಡಿಸಿದಳು. ಹೀಟರಿನಿಂದ ದೂರಕ್ಕೆ ಎರಡನ್ನೂ ಅಮ್ಮನೇ ಸರಿಸಿದಳು. ಬೇರು ಬಿಟ್ಟ ಮೇಲೆ ಬಿಡಿಸೋಣ ಎಂದಾಯಿತು. ನೂಡಲ್ಸ್ ತಿಂದು ಬಂದೆವು. ಹಾಲಿನ ಪೆಟ್ಟಿಗೆ ಬೇಕು ಬೇಡವೆಂದು ಬಾಗಿಲಲ್ಲಿ ಅದನ್ನು ಇಬ್ಬರೂ ಆಚೀಚೆ ಎಳೆದಾಡಿದರು. ಸೂಮೆಯ್ ಸೋತಳು.

ಆಮೇಲೆ ಅಮ್ಮ "ಕುಂಡ ನೋಡಿಬರ್ತೀನಿ" ಎಂದು ವಾರಕ್ಕೊಮ್ಮೆ ಹೋಗತೊಡಗಿದಳು. ಗಿಡವನ್ನು ಬೆಳಗಿನಿಂದ ಸಂಜೆಯವರೆಗೆ ನೋಡುವುದೇನಿರುತ್ತದೆ ಎಂದು ನಾನು ಕೇಳಲಿಲ್ಲ. ಬಂದಾಗ ಅವಳ ಬಟ್ಟೆಯಲ್ಲಿ ಮೆಣಸಿನ ಘಾಟು ಇರುತ್ತಿತ್ತು.

ಮಾರ್ಚಿನಲ್ಲಿ, ಚಳಿ ಇಳಿದು ಊರಿನ ಮನೆಗಳಿಗೆಲ್ಲ ಕೊಡುವ ಹೀಟಿಂಗ್ ನಿಲ್ಲಿಸಿದ ಮೇಲೆ ದಂಟು ಕತ್ತರಿಸಿದರು. ಅಮ್ಮ ಗಿಡವನ್ನು ಪತ್ರಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಯಾರಿಗೂ ಸೀಟು ಬಿಡದೆ ತೊಡೆಯ ಮೇಲಿಟ್ಟುಕೊಂಡು ತಂದು, ಪೂರ್ವದ ಕಿಟಕಿಯಲ್ಲಿ ಇಟ್ಟಳು. ಹಿಂದೆ ಸರಿದು ನೋಡಿದಳು. ಕುಂಡವನ್ನು ತುಸು ತಿರುಗಿಸಿದಳು.

ನಾನು ಅಡುಗೆಮನೆಯಲ್ಲಿ ನೂಡಲ್ಸಿಗೆ ನೀರು ಕುದಿಸುತ್ತಿದ್ದೆ. ಅಮ್ಮ ಫೋನು ಹಚ್ಚಿದ್ದು ಕೇಳಿಸಿತು.

"ಸೂಮೆಯ್, ತಲುಪಿದೆ. ಗಿಡ ಚೆನ್ನಾಗಿದೆ. ಅದೇ, ಇದಕ್ಕೆ ನೀರು ಎಷ್ಟು ದಿನಕ್ಕೆ ಹಾಕ್ಲಿ?"

ಆ ಕಡೆಯ ಕೂಗು ಒಲೆಯವರೆಗೂ ಬಂತು: "ಊರಿಗೆಲ್ಲಾ ಪಾಠ ಹೇಳಿದವಳು ನನ್ನನ್ನ ಕೇಳ್ತೀಯಾ?"

"ಕೇಳಿದ್ರೆ ಹೇಳಬಾರದಾ?" ಎಂದಳು ಅಮ್ಮ, ಕುರ್ಚಿ ಎಳೆದುಕೊಂಡು ಕಿಟಕಿಯ ಪಕ್ಕ ಕೂತಳು.

ಸೂಮೆಯ್ ಹೇಳತೊಡಗಿದಳು. ಅಮ್ಮ ನಡುನಡುವೆ "ಹೌದಾ?" ಎಂದು ಏನೂ ಗೊತ್ತಿಲ್ಲದವಳಂತೆ ಕೇಳುತ್ತಿದ್ದಳು. ನೂಡಲ್ಸ್ ಮುದ್ದೆಯಾಯಿತು. ನಾನು ಒಬ್ಬಳೇ ತಿಂದೆ.