ಒನಕೆ ಬೀಳುವ ತನಕ

ಕಾರ್ತಿಕ ಅಮಾವಾಸ್ಯೆಯ ಬೆಳಿಗ್ಗೆ ಸೂರ್ಯನಿಗೆ ಕಂಕಣ ಗ್ರಹಣವೆಂದು ಪಂಚಾಂಗದಲ್ಲಿತ್ತು. ನನ್ನ ಮಗಳು ರುಕ್ಮವ್ವನಿಗೆ ಆಗ ಬಸುರಿನ ಒಂಬತ್ತನೆಯ ತಿಂಗಳು. ತಾಯಿಯಿಲ್ಲದ ಹುಡುಗಿ, ಚೊಚ್ಚಲ ಹೆರಿಗೆಗೆ ಆಲಮೇಲದ ನಮ್ಮ ಮನೆಗೆ ಬಂದಿದ್ದಳು. ಗ್ರಹಣದ ಸುದ್ದಿ ಕೇಳಿ ಅವಳ ಅತ್ತೆ ಹುಚ್ಚವ್ವ ಝಳಕಿಯಿಂದ ಬಸ್ಸು ಹತ್ತಿ ಬಂದಳು. ಅತ್ತೆಯೆಂದರೆ ಬೇರೆ ಯಾರೂ ಅಲ್ಲ, ನನ್ನ ಸ್ವಂತ ಅಕ್ಕ.

ಬಂದವಳೇ ಒನಕೆಯನ್ನು ತೊಳೆದು ಒಳಗಿಟ್ಟಳು. ಗ್ರಹಣ ಹಿಡಿದಾಗ ನೀರಿನ ತಾಟಿನಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ. ಅದು ಬೀಳುವವರೆಗೆ ಬಸುರಿ ಹನಿ ನೀರು ಮುಟ್ಟಬಾರದು. ಏಳು ವರ್ಷದ ಹಿಂದೆ ಅಕ್ಕನ ಹಿರಿಸೊಸೆ ಹೀಗೇ ಕುಳಿತಿದ್ದಳು. ಮಧ್ಯಾಹ್ನ ಕಳೆದರೂ ಒನಕೆ ಬೀಳಲಿಲ್ಲ. ಸೊಸೆ ಬಿದ್ದಳು. ಕೂಸು ಉಳಿಯಲಿಲ್ಲ.

ಹಾಗಾಗಿ ಗ್ರಹಣ ಎಷ್ಟಕ್ಕೆ ಬಿಡುತ್ತದೆ ಎಂಬುದು ನನಗೆ ಖಚಿತವಾಗಿ ಬೇಕಿತ್ತು. ಶಾಲೆಯ ಮಾಸ್ತರ ಅಬ್ದುಲಗನಿಯನ್ನು ಕೇಳಿದೆ.

“ಹತ್ತರೊಳಗ ಬಿಡ್ತೈತ್ರಿ. ಆದ್ರ ಕಂಕಣ ನಮ್ಮೂರಾಗ ಕಾಣೂದಿಲ್ಲ. ಅದು ಉತ್ತರದಾಗ, ಹಿಮಾಲಯದ ಕಡೆ. ನಮಗ ಕಡದ ರೊಟ್ಟಿ ಹಂಗ ಕಾಣ್ತೈತಿ, ಅಷ್ಟ.”

“ಪಂಚಾಂಗದಾಗ ಕಂಕಣ ಐತಿ ಅಂತೀರಿ, ಊರಾಗ ಇಲ್ಲ ಅಂತೀರಿ. ಎತ್ತಿನ ದಲ್ಲಾಳಿ ಮಾತಿದು.”

ಮಾಸ್ತರ ನಕ್ಕು ಗೋಡೆಯ ಗೂಟಕ್ಕೆ ಹಿತ್ತಾಳೆ ತಾಟು ಒರಗಿಸಿ, ನನ್ನ ಕಣ್ಣಿನ ಮುಂದೆ ಒಂದು ಮುಚ್ಚಳ ಹಿಡಿದ. ಮುಚ್ಚಳದ ಸುತ್ತ ತಾಟಿನ ಅಂಚು ಬಳೆಯಂತೆ ಕಂಡಿತು. ನನ್ನ ಭುಜ ಹಿಡಿದು ತುಸು ಪಕ್ಕಕ್ಕೆ ಸರಿಸಿದ. ಬಳೆ ಹೋಯಿತು, ತಾಟಿನ ಒಂದು ಮಗ್ಗುಲಷ್ಟೇ ಮುಚ್ಚಿತು.

“ನಾವು ನಿಂತ ಜಾಗಾದ ಮ್ಯಾಲೆ ಐತ್ರಿ, ಬಸಂತರಾಯರ. ಯಾವ ಊರಾಗ ಎಷ್ಟು, ಎಷ್ಟೊತ್ತಿಗೆ ಅಂತ ಮೊದಲ ಲೆಕ್ಕಾ ಹಾಕಿರ್ತಾರ.”

“ಲೆಕ್ಕಾ ತಪ್ಪಿದ್ರ? ಬಸುರಿ ನಿಮ್ಮ ಮನ್ಯಾಗಿಲ್ಲ, ನನ್ನ ಮನ್ಯಾಗದಾಳ.”

ಅವನು ತಾಟು, ಮುಚ್ಚಳ ಎತ್ತಿಟ್ಟ. ಅವನ ಲೆಕ್ಕವನ್ನು ನಂಬಲು ನನಗೆ ಮನಸ್ಸಾಗಲಿಲ್ಲ.

ಆದರೆ ಒನಕೆಯನ್ನಾದರೂ ಯಾಕೆ ನಂಬಬೇಕು? ಗ್ರಹಣದ ಮುನ್ನಾದಿನ ಅಕ್ಕ ಬಾವಿಗೆ ಹೋದಾಗ ತಾಟಿಗೆ ನೀರು ಸುರಿದು ಒನಕೆ ನಿಲ್ಲಿಸಿದೆ. ಎರಡು ಸಲ ವಾಲಿತು. ಮೂರನೆಯ ಸಲ ಕಂಬದ ಹಾಗೆ ನಿಂತಿತು. ಅಷ್ಟರಲ್ಲಿ ಅಕ್ಕ ಕೊಡ ಹೊತ್ತು ಬಂದಳು.

“ಏನ್ ಮಾಡಾಕತ್ತಿ, ಬಸಂತಾ?”

“ಗ್ರಹಣ ಇಲ್ಲದನ ನಿಂತೈತಿ, ನೋಡು.”

“ನಾಳಿನ ಗ್ರಹಣ ಈಗಿಂದನ ಒನಕಿ ಎಳ್ಯಾಕತ್ತೈತಿ. ದೊಡ್ಡ ಗ್ರಹಣ.”

“ಹಂಗಾದ್ರ ನಾಡಿದ್ದೂ ನಿಂತೀತು. ನಿನ್ನ ಸೊಸಿ ಅಲ್ಲೀತನಾ ಒಣಗಬೇಕೇನು?”

“ಬಾಯಿ ಮಾಡಬ್ಯಾಡ. ನನ್ನ ಮಗನ ಕೂಸು ಅದು.”

ಆ ಸಂಜೆಯಿಂದಲೇ ಮಗಳಿಗೆ ನೀರು ಬಂದ್ ಆಯಿತು.

ಬೆಳಿಗ್ಗೆ ಅಂಗಳದಲ್ಲಿ ಅಗಲ ಪರಾತಕ್ಕೆ ಸಗಣಿ ನೀರು ಹಾಕಿ ಸೂರ್ಯನ ಬಿಂಬ ನೋಡುತ್ತ ಕುಳಿತೆ. ಕಡಿತ ಬಿತ್ತು, ಬೆಳೆಯಿತು, ಮತ್ತೆ ಸಣ್ಣದಾಯಿತು. ಕಂಕಣ ಬರಲೇ ಇಲ್ಲ. ಹತ್ತರೊಳಗೆ ಬಿಂಬ ದುಂಡಗಾಯಿತು. ಮಾಸ್ತರನ ತಪ್ಪು ಹಿಡಿಯಬೇಕೆಂದು ಇನ್ನೂ ಸ್ವಲ್ಪ ಕಾದೆ. ಸಿಗಲಿಲ್ಲ.

ಒಳಗೆ ಒನಕೆ ನಿಂತೇ ಇತ್ತು. ರುಕ್ಮವ್ವ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ತಂಬಿಗೆ ಚಾಚಿದೆ. ಅವಳು ಅತ್ತೆಯ ಮುಖ ನೋಡಿದಳು.

“ಒನಕಿ ಬಿದ್ದಿಲ್ಲ, ಅಪ್ಪಾ.”

ಒನಕೆಯನ್ನು ಕಾಲಿನಿಂದ ಒದ್ದೆ. ತಾಟು ಸಮೇತ ಉರುಳಿತು.

“ನೀ ಕೆಡವಿದಿ,” ಎಂದಳು ಅಕ್ಕ.

“ಹೌದು, ನಾನ ಕೆಡವೇನಿ. ಪಾಪ ಬಂದ್ರ ನನಗ ಬರ್ಲಿ. ಕುಡಿ, ರುಕ್ಮಿ.”

ಅವಳು ಉಸಿರು ಬಿಡದೆ ಎರಡು ತಂಬಿಗೆ ಕುಡಿದಳು. ಅಕ್ಕ ಊಟವನ್ನೂ ಮಾಡದೆ ಮಧ್ಯಾಹ್ನದ ಬಸ್ಸಿಗೆ ಹೋದಳು.

ಹನ್ನೊಂದನೆಯ ದಿನ ಹೆರಿಗೆಯಾಯಿತು. ಗ್ರಹಣ ತಾಗಿದ ಕೂಸಿಗೆ ತುಟಿ ಸೀಳಿರುತ್ತದೆ ಎನ್ನುತ್ತಾರೆ. ಗಂಡೋ ಹೆಣ್ಣೋ ಎಂದು ಸೂಲಗಿತ್ತಿ ಹೇಳುವ ಮೊದಲೇ ಕೂಸನ್ನು ಬಾಗಿಲ ಬೆಳಕಿಗೆ ತರಿಸಿ ತುಟಿ ನೋಡಿದೆ. ಬಾಯಿ ತೆರೆಸಿ ಅಂಗುಳ ನೋಡಿದೆ. ಕೈಬೆರಳು, ಕಾಲ್ಬೆರಳು ಎಣಿಸಿದೆ. ಎಲ್ಲ ಸರಿಯಾಗಿತ್ತು. ಆದರೂ ಇನ್ನೊಮ್ಮೆ ಎಣಿಸಿದೆ.